ಪರಖಿ ಚುಚ್ಚಿದ ಬೋಣಿ ಚೀಲ

ಹೋದ ವಾರ ಮೊಮ್ಮಗಳು ಸುಜಾತಾಳನ್ನು ಹೆಗಲ ಮೇಲೆ ಕೂರಿಸಿಕೊಂಡು ಬೀದರದ ಕಾಳಿನ ಪೇಟೆ ಗಾಂಧಿ ಗಂಜಿಗೆ ಹೋಗಿದ್ದೆ. ಅವಳಿಗೆ ಲಾರಿ ನೋಡುವ ಹುಚ್ಚು. ದೊಡ್ಡ ಲಾರಿ ಹಿಂದಕ್ಕೆ ಬರುವಾಗ ಹುಡುಗರು ಅದರ ಮೈ ಬಡಿದು ಬಡಿದು ದಾರಿ ತೋರಿಸುತ್ತಾರಲ್ಲ, ಅದನ್ನು ನೋಡಿ ಇವಳು ನನ್ನ ತಲೆಯನ್ನೇ ಬಡಿಯುತ್ತಾಳೆ. ಕಿವಿ ಹಿಡಿದು ಎಡಕ್ಕೆ ಎಳೆದರೆ ನಾನು ಎಡಕ್ಕೆ ಹೋಗಬೇಕು, ಬಲಕ್ಕೆ ಎಳೆದರೆ ಬಲಕ್ಕೆ. ಹೋಗುತ್ತೇನೆ. ಇದೇ ಹೆಗಲ ಮೇಲೆ ಇದೇ ಗಂಜಿನಲ್ಲಿ ಹರೆಯವೆಲ್ಲ ಚೀಲ ಹೊತ್ತವನು ನಾನು. ಈಗ ಹೊತ್ತ ಭಾರದಷ್ಟು ಹಗುರವಾದದ್ದು, ಇಳಿಸಲು ಮನಸ್ಸಿಲ್ಲದ್ದು ಯಾವುದನ್ನೂ ಹೊತ್ತಿರಲಿಲ್ಲ. ಹಳೆಯ ಹಮಾಲ ಗೆಳೆಯರು ಕಟ್ಟೆಯ ಮೇಲೆ ಕೂತಿದ್ದರು. ಒಬ್ಬ ಕೇಳಿದ, 'ಮಾಣಿಕಾ, ಈ ಚೀಲದ ತೂಕ ಎಷ್ಟದ?' ನಾನು ಹೇಳಿದೆ, 'ಇದು ಕಾಟಾಕ್ಕ ಹಾಕೂ ಮಾಲ್ ಅಲ್ಲಲೇ.'

ಒಂದು ಅಂಗಡಿಯ ಮುಂದೆ ತಾಡಪತ್ರಿ ಸರಿಸುತ್ತಿದ್ದರು. ಹಿಂದಿನ ದಿನ ಮಳೆ ಹೊಡೆದು ಉದ್ದಿನ ಚೀಲಗಳ ಬುಡಕ್ಕೆ ನೀರು ಹೋಗಿತ್ತು. ತಾಡಪತ್ರಿ ಎತ್ತಿದ್ದೇ ತಡ, ಒಳಗಿನಿಂದ ಬಿಸಿ ಬಿಸಿಯಾಗಿ ಮುಗ್ಗಲು ವಾಸನೆ ಬಂತು. ಸುಜಾತಾ ಮೂಗು ಹಿಡಿದುಕೊಂಡು, 'ಅಜ್ಜಾ, ಯಾರೋ ಅನ್ನ ಕೆಡಿಸ್ಯಾರ' ಅಂದಳು. ಎಲ್ಲರೂ ನಕ್ಕರು. ನಾನೂ ನಕ್ಕೆ. ಆದರೆ ಕಾಲು ಅಲ್ಲೇ ನಿಂತಿತು. ಅದು ಅವಳು ಹುಟ್ಟಿದ ವರ್ಷದ ವಾಸನೆ. ಆ ವರ್ಷ ನಮ್ಮ ಮನೆ, ನಮ್ಮ ಮಿಲ್ಲು, ಮಗನ ಅಂಗಿ, ಸೊಸೆ ಕುದಿಸಿದ ಚಹಾ ಎಲ್ಲವೂ ಇದೇ ವಾಸನೆ ಹೊಡೆಯುತ್ತಿದ್ದವು. ಅದರಷ್ಟು ಕೆಟ್ಟ ವರ್ಷ ನಮಗೆ ಬಂದಿಲ್ಲ. ಹಾಗಂತ ಅದನ್ನು ಕೆಟ್ಟ ವರ್ಷ ಅಂತ ಕರೆಯಲು ನನಗೆ ಬಾಯಿ ಬರುವುದಿಲ್ಲ. ಇವಳು ಹುಟ್ಟಿದ ವರ್ಷವನ್ನು ಹಾಗೆ ಹ್ಯಾಗೆ ಅನ್ನಲಿ?

ನಮ್ಮೂರು ಭಾಲ್ಕಿ ತಾಲೂಕಿನ ಭಾತಂಬ್ರಾ. ನಾಲ್ಕನೆಯ ಇಯತ್ತೆಗೆ ಶಾಲೆ ಬಿಟ್ಟು, ಮೀಸೆ ಮೂಡುವ ಮೊದಲೇ ಗಂಜಿಗೆ ಬಂದು ಹಮಾಲಿಗೆ ನಿಂತೆ. ಮಗ ಮಿಲಿಂದ ನನ್ನ ಹಾಗಲ್ಲ, ಓದಿದ, ಮಷಿನ್ ಕೆಲಸ ಕಲಿತ. ಬೇರೆಯವರ ಬೇಳೆ ಮಿಲ್ಲಿನಲ್ಲಿ ವರ್ಷಗಟ್ಟಲೆ ದುಡಿದು, ಕೊನೆಗೆ ಬೀದರದ ಹೊರಗೆ ಭಾಲ್ಕಿ ರಸ್ತೆಯ ಬದಿಗೆ ತಗಡಿನ ಶೆಡ್ಡು ಹಾಕಿ ತನ್ನದೇ ಒಂದು ಸಣ್ಣ ಮಿಲ್ಲು ಮಾಡಿದ. ಉದ್ದಿನ ಬೇಳೆ ಮಾತ್ರ. ಉದ್ದಿನ ಸಿಪ್ಪೆ ತೆಗೆದು, ಒಡೆದು, ಬೆಳ್ಳಗೆ ಹೊಳಪು ಕೊಟ್ಟು ಹೈದರಾಬಾದಿನ ಒಂದು ಹಪ್ಪಳದ ಕಂಪನಿಗೆ ಕಳಿಸುವುದು.

ಮಿಲ್ಲು ಹಾಕುವುದು ಒಂದು ಮಾತು, ಮಿಲ್ಲಿಗೆ ಮಾಲು ಬರುವುದು ಇನ್ನೊಂದು ಮಾತು. ಗಂಜಿನ ಅಡತಿ ಅಂಗಡಿಯ ದಲ್ಲಾಳಿಗಳು ಒಳ್ಳೆಯ ಕಾಳನ್ನು ಹಳೆಯ ಮಿಲ್ಲುಗಳಿಗೆ ಕೊಟ್ಟು ಉಳಿದದ್ದನ್ನು ಹೊಸಬರ ಕಡೆ ತಳ್ಳುತ್ತಾರೆ. ಇವನಂತೂ ಹಮಾಲನ ಮಗ. ನಮ್ಮ ಓಣಿ ಯಾವುದು, ನಮ್ಮ ಮಿಲ್ಲಿನ ಗೋಡೆಯ ಮೇಲೆ ನೀಲಿ ಕೋಟು ತೊಟ್ಟ ಯಾರ ಫೋಟೊ ಇದೆ ಅನ್ನುವುದೂ ಎಲ್ಲರಿಗೂ ಗೊತ್ತಿತ್ತು. ಮುಖದ ಮೇಲೆ ಯಾರೂ ಏನೂ ಅನ್ನಲಿಲ್ಲ. ಮಾಲು ಬರಲಿಲ್ಲ, ಅಷ್ಟೆ.

ಮೊದಲು ಮಾಲು ಕೊಟ್ಟವನು ಬಂಡೆಪ್ಪ. ಔರಾದ ತಾಲೂಕಿನ ಚಿಂತಾಕಿಯವನು. ಕುರಿ ಸಾಕುವ ಮನೆತನ, ಮಳೆ ಬಂದರೆ ಬೆಳೆ ಅನ್ನುವಂಥ ಹೊಲ. ಗಂಜಿನಲ್ಲಿ ಅವನ ಚೀಲ ಇಳಿಸುತ್ತಾ ಇಳಿಸುತ್ತಾ ನಮ್ಮಿಬ್ಬರಿಗೆ ಗೆಳೆತನವಾಗಿತ್ತು. ಮಿಲಿಂದ ಚಡ್ಡಿ ಹಾಕಿಕೊಂಡು ನನ್ನ ಬುತ್ತಿ ತರುತ್ತಿದ್ದ ಕಾಲದಿಂದ ಅವನಿಗೆ 'ಮಿಲ್ಯಾ' ಅನ್ನುತ್ತಿದ್ದ. ಹೊಸ ಮಿಲ್ಲಿಗೆ ಬಂದು ಶೆಡ್ಡಿನ ತುಂಬ ಕಣ್ಣಾಡಿಸಿ, 'ಲೇ ಮಿಲ್ಯಾ, ಮಿಲ್ಲಿನ ಮಿಲ್ಯಾ ಆದಿ ನೋಡು. ಬೋಣಿ ಯಾರು ಮಾಡ್ಯಾರ?' ಅಂತ ಕೇಳಿದ. ಯಾರೂ ಇಲ್ಲ ಅಂದ ಮಗ. ಮರುದಿನ ಬಂಡೆಪ್ಪ ತನ್ನ ಹಂಗಾಮಿನ ಮೊದಲ ಉದ್ದಿನ ಚೀಲವನ್ನು ತಂದು ನಮ್ಮ ಬಾಗಿಲಲ್ಲಿ ಇಳಿಸಿದ.

ದಿನದ ಮೊದಲ ವ್ಯಾಪಾರಕ್ಕೆ ಬೋಣಿ ಅನ್ನುತ್ತೇವೆ. ಹಂಗಾಮಿನ ಮೊದಲ ಚೀಲಕ್ಕೂ ಅದೇ ಹೆಸರು. ಆ ದಿನ ಮಿಲಿಂದ ರೂಢಿಯ ಪ್ರಕಾರ ಪರಖಿ ಕೈಗೆತ್ತಿಕೊಂಡ. ಪರಖಿ ಅಂದರೆ ಚೂಪು ಬಾಯಿಯ ಕಬ್ಬಿಣದ ಕೊಳವೆ. ಅದನ್ನು ಚೀಲಕ್ಕೆ ಚುಚ್ಚಿದರೆ ಒಳಗಿನ ಕಾಳು ಅಂಗೈಗೆ ಉರುಳಿ ಬರುತ್ತದೆ, ಚೀಲ ಬಿಚ್ಚದೆ ಮಾಲು ನೋಡಬಹುದು. ಬಂಡೆಪ್ಪ ನಗುತ್ತಾ ಅವನ ಮಣಿಕಟ್ಟು ಹಿಡಿದ. 'ಬೋಣಿ ಚೀಲಕ್ಕ ಪರಖಿ ಹಾಕಬಾರದೋ ಹುಚ್ಚ. ಬ್ಯಾರೆ ಚೀಲಕ್ಕೆಲ್ಲಾ ಹಾಕು, ನನ್ನವಕ್ಕೂ ಹಾಕು, ನಾ ಬ್ಯಾಡ ಅನ್ನಂಗಿಲ್ಲ. ಇದೊಂದು ನಂಬಿ ತಗೊಳ್ಳೋದು.' ದರ ಕೇಳಲಿಲ್ಲ, ತೂಕ ನೋಡಲಿಲ್ಲ. ಮಗ ಗೋಡೆಯ ಫೋಟೊದ ಮುಂದೆ ಮೇಣದ ಬತ್ತಿ ಹಚ್ಚಿ, ತನಗೆ ತಿಳಿದಷ್ಟು ಹಣ ಕೊಟ್ಟ. ಬಂಡೆಪ್ಪ ಎಣಿಸದೆ ಕಿಸೆಗೆ ಹಾಕಿಕೊಂಡು, ನಮ್ಮ ಮನೆಯ ಸಕ್ಕರೆ ಬಾಯಿಗೆ ಹಾಕಿಕೊಂಡು, ಚಹಾ ಕುಡಿದು ಹೋದ. ಬಂಡೆಪ್ಪ ಬೋಣಿ ಮಾಡಿದ ಮೇಲೆ ಅವನ ಓಣಿಯ ಮನೆಗಳೆಲ್ಲ ಒಂದೊಂದಾಗಿ ನಮ್ಮ ಕಡೆ ತಿರುಗಿದವು. ಮಿಲ್ಲು ನಿಂತದ್ದು ಹಾಗೆ.

ಮಿಲಿಂದನೂ ಅವರನ್ನು ಚೆನ್ನಾಗಿ ಇಟ್ಟುಕೊಂಡ. ಬಿತ್ತುವ ಹೊತ್ತಿಗೆ ಒಳ್ಳೆಯ ಬೀಜ ಹುಡುಕಿ ಕೊಡುವುದು, ರಾಶಿಯ ಹೊತ್ತಿಗೆ ಖಾಲಿ ಚೀಲ ಮುಟ್ಟಿಸುವುದು, ಕಾಟಾ ಹೊತ್ತುಕೊಂಡು ಅವರ ಅಂಗಳಕ್ಕೇ ಹೋಗಿ ತೂಗುವುದು. ಬೆಳಿಗ್ಗೆ ಗಂಜಿನಲ್ಲಿ ಏನು ದರ ಕೂಗುತ್ತಾರೋ ಅದೇ ದರ. ಅಡತಿಯ ಕಮಿಷನ್, ಹಮಾಲಿ ಉಳಿದದ್ದರಲ್ಲಿ ಅರ್ಧ ಅವರಿಗೆ, ಅರ್ಧ ಮಿಲ್ಲಿಗೆ. ಹಮಾಲಿ ಉಳಿಯಿತು ಅಂದರೆ ನನ್ನ ಗೆಳೆಯರ ಕೂಲಿ ಹೋಯಿತು ಅಂತಲೇ ಅರ್ಥ. 'ನಮ್ಮ ಹೊಟ್ಟಿ ಮ್ಯಾಲ ಹೊಡದಿ ಮಾಣಿಕಾ' ಅಂತ ಅವರು ಚುಚ್ಚುವರು, ನಾನು ಬೀಡಿ ಹಂಚುವೆ. ದೊಡ್ಡ ಮಿಲ್ಲಿನವರು ಕಾರು ತಗೊಂಡು ಹೋಗಿ ಹೆಚ್ಚಿಗೆ ದರ ಹೇಳಿದರೂ ಚಿಂತಾಕಿಯವರು, 'ತಡೀರಿ, ಮಿಲ್ಯಾನ್ನ ಒಂದು ಮಾತು ಕೇಳತೇವಿ' ಅಂದು ಮೊದಲು ಇವನಿಗೆ ಫೋನು ಮಾಡುತ್ತಿದ್ದರು.

ಕಂಪನಿಯವರದು ಬೇರೆ ರೀತಿ. ಅವರಿಗೆ ಪ್ರತಿ ಲೋಡಿಗೂ ಸ್ಯಾಂಪಲ್ ಬೇಕು. ನಮ್ಮ ಜೊತೆಗೆ ಉದಗೀರಿನ ಕಡೆಯ ಇನ್ನೊಂದು ಮಿಲ್ಲನ್ನೂ ಇಟ್ಟುಕೊಂಡಿದ್ದರು. ಇಲ್ಲಿ ತಪ್ಪಿದರೆ ಅಲ್ಲಿ. ನನಗೆ ಅದು ಸರಿ ಕಾಣುತ್ತಿರಲಿಲ್ಲ. ಮಿಲಿಂದ ತಿಳಿಸಿ ಹೇಳುತ್ತಿದ್ದ, ಕಂಪನಿಗಳು ಒಂದೇ ಕಾಲಿನ ಮೇಲೆ ನಿಲ್ಲುವುದಿಲ್ಲ ಅಂತ.

ಆ ವರ್ಷ ಮುಂಗಾರು ಎಷ್ಟು ಬೇಕೋ ಅಷ್ಟೇ ಬಂತು. ಉದ್ದು ಮೊಣಕಾಲೆತ್ತರ ಬೆಳೆದು ಹೂವು ತುಂಬಿ ನಿಂತಿತ್ತು. ನಮ್ಮ ಮನೆಯಲ್ಲೂ ಸೊಸೆ ಕವಿತಾಳಿಗೆ ಮದುವೆಯಾಗಿ ಎಷ್ಟೋ ವರ್ಷಗಳ ಮೇಲೆ ಬಸಿರು ನಿಂತಿತ್ತು. ನಾನು ನೆಲಕ್ಕೆ ಕಾಲಿಡುತ್ತಿರಲಿಲ್ಲ. ಮಿಲ್ಲಿನ ಹಿಂದೆಯೇ ನಮ್ಮ ಮನೆ. ದಿನಾ ಬೆಳಿಗ್ಗೆ ಎದ್ದು ಅವಳನ್ನು, ಏನು ತಿನ್ನಬೇಕು ಅನಿಸುತ್ತದೆ ತಾಯಿ, ಅಂತ ಕೇಳುವುದೇ ನನ್ನ ಕೆಲಸ. ಒಂದು ದಿನ ಹುಣಸೆಕಾಯಿ ಅಂದಳು. ಹುಣಸೆಕಾಯಿಯ ಕಾಲವಲ್ಲ ಅದು. ಭಾತಂಬ್ರಾದ ತನಕ ಹೋಗಿ ಯಾರದೋ ಅಡುಗೆಮನೆಯಿಂದ ಹಳೆಯ ಹುಣಸೆಹಣ್ಣು ತಂದು ಬೈಸಿಕೊಂಡೆ.

ಕಾಯಿ ಕರ್ರಗಾಗಿ ಇನ್ನೇನು ಕೀಳಬೇಕು ಅನ್ನುವಾಗ ಮಳೆ ಹತ್ತಿತು. ಹತ್ತಿದ್ದು ಬಿಡಲೇ ಇಲ್ಲ. ಮಾಂಜ್ರಾ ನದಿ ತುಂಬಿತು, ಹಳ್ಳಗಳು ತುಂಬಿದವು, ಬಸ್ಸು ನಿಂತವು. ನಾನೂ ಮಿಲಿಂದನೂ ಒಂದು ದಿನ ಹ್ಯಾಗೋ ಚಿಂತಾಕಿ ಮುಟ್ಟಿದೆವು. ಹೆಂಗಸರು ಗೊಬ್ಬರದ ಚೀಲ ಕೊಪ್ಪೆ ಹಾಕಿಕೊಂಡು ಕೆಸರಿನಲ್ಲಿ ನಿಂತು ಗಿಡ ಕೀಳುತ್ತಿದ್ದರು. ಒಂದು ಕಾಯಿ ಬಿಡಿಸಿ ನೋಡಿದರೆ ಒಳಗೆ ಕಾಳಿನ ಬಾಯಿಂದ ಬಿಳಿ ಮೊಳಕೆ ಬಂದಿತ್ತು. ಗಿಡದ ಮೇಲೇ, ಕಾಯಿಯ ಒಳಗೇ. ಇನ್ನೊಂದು ಬಿಡಿಸಿದೆ, ಅದೂ ಹಾಗೇ. ಮೊಳೆತ ಕಾಳಿನ ಬೇಳೆ ಕೆಂಪಗಾಗುತ್ತದೆ, ಅದರ ಹಪ್ಪಳ ಎಣ್ಣೆಗೆ ಬಿದ್ದರೆ ಕಪ್ಪಗಾಗುತ್ತದೆ, ಕಂಪನಿ ಮುಟ್ಟುವುದಿಲ್ಲ. ಬಂಡೆಪ್ಪ ಮಿಲಿಂದನ ಬೆನ್ನಿಗೆ ಕೈ ಹಾಕಿ, 'ಮ್ಯಾಲಿನ ಕಲ್ಲುಹೊಲದಾಗ ಸ್ವಲ್ಪ ಛಲೋ ಅದ. ನಾ ಬೋಣಿ ತರ್ತೇನಿ, ನೀ ಚಿಂತಿ ಮಾಡಬ್ಯಾಡ' ಅಂದ.

ಅಷ್ಟರಲ್ಲಿ ಭಾಲ್ಕಿ ಕಡೆಯ ಒಬ್ಬ ವ್ಯಾಪಾರಿ ನಮಗೊಂದು ಲೋಡು ಇಳಿಸಿ ಹೋದ. ಚೀಲದ ಬಾಯಿ ಬಿಚ್ಚಿದರೆ ಒಣ ಕಾಳು. ಮಿಲಿಂದ ಮಳೆಯ ಗಡಿಬಿಡಿಯಲ್ಲಿ ಅಷ್ಟೇ ನೋಡಿ ತಗೊಂಡ. ಚೀಲಗಳು ಒಳಗೊಳಗೇ ಕಾದವು. ಕೈ ಹಾಕಿದರೆ ಜ್ವರ ಬಂದವರ ಮೈ ಮುಟ್ಟಿದ ಹಾಗೆ. ಬಾಯಲ್ಲಿ ಒಣಗಿದ್ದು ಇಟ್ಟು ಹೊಟ್ಟೆಯಲ್ಲಿ ತೊಯ್ದದ್ದು ತುಂಬಿದ್ದ ಪುಣ್ಯಾತ್ಮ. ಎಲ್ಲವನ್ನೂ ಹೊರಗೆ ಸುರಿದು ದನದವರಿಗೆ ಕೊಟ್ಟೆವು. ದನಗಳೂ ಮೂಸಿ ಬಿಟ್ಟವು. ಆ ವಾಸನೆ ಶೆಡ್ಡು ಬಿಟ್ಟು ಹೋಗಲಿಲ್ಲ. ಮಿಲಿಂದ ಆವತ್ತಿನಿಂದ ಪರಖಿ ಕೈಬಿಡಲಿಲ್ಲ. ಊಟಕ್ಕೆ ಕೂತರೂ ಪಕ್ಕದಲ್ಲಿ ಅದು ಇರುತ್ತಿತ್ತು.

ಕಂಪನಿಯಿಂದ ಫೋನು ಬಂತು. ಹಬ್ಬದ ಹಪ್ಪಳಕ್ಕೆ ಬೇಳೆ ಬೇಕು, ಬಿಳಿಯದೇ ಬೇಕು, ಎಲ್ಲಿಂದ ತರುತ್ತೀರೋ ನಿಮ್ಮದು. ನಮ್ಮ ಮನುಷ್ಯ ಬಂದು ನೋಡುತ್ತಾನೆ, ಮಾಲು ಸರಿ ಇದ್ದರೆ ಆರ್ಡರು ನಿಮಗೆ, ಇಲ್ಲವಾದರೆ ಉದಗೀರಿಗೆ. ವರ್ಷದ ಗಳಿಕೆಯೆಲ್ಲ ಆ ಒಂದು ಆರ್ಡರಿನಲ್ಲಿ ಇರುತ್ತಿತ್ತು. ಅದು ತಪ್ಪಿದರೆ ಮಿಲ್ಲು ತಪ್ಪಿದ ಹಾಗೆ.

ಕಂಪನಿಯ ಮನುಷ್ಯ ಬಂದ ದಿನವೇ ಬಂಡೆಪ್ಪ ಬಂದ. ಯಾರೂ ಹಾಗೆ ಕೂಡಿಸಿದ್ದಲ್ಲ, ಕೂಡಿಬಂತು. ಮಳೆ ಸುರಿಯುತ್ತಲೇ ಇತ್ತು. ಟೆಂಪೋದ ಹಿಂದೆ ಬಂಡೆಪ್ಪ ನಿಂತಿದ್ದ, ರುಮಾಲಿನಿಂದ ನೀರು ಇಳಿಯುತ್ತಿತ್ತು. ಅವನ ಕರಿ ಕಂಬಳಿ ಅವನ ಮೈಮೇಲೆ ಇರಲಿಲ್ಲ, ಚೀಲದ ಮೇಲೆ ಹೊದಿಸಿದ್ದ. ನಾನೇ ಹೆಗಲು ಕೊಟ್ಟು ಚೀಲ ಇಳಿಸಿಕೊಂಡೆ. ಕವಿತಾ ತುಂಬಿದ ಹೊಟ್ಟೆ ಹೊತ್ತು ತಟ್ಟೆಯಲ್ಲಿ ಸಕ್ಕರೆ ತಂದು ನಿಂತಳು. ಮೇಣದ ಬತ್ತಿ ಹಚ್ಚಿದ್ದಾಯಿತು. ಬಂಡೆಪ್ಪ ಅವಳನ್ನು ನೋಡಿ, 'ಏನವ್ವಾ, ಇದೂ ಬೋಣಿನೇ ಹೌದಲ್ಲ?' ಅಂತ ನಗಿಸಿದ.

ಕಂಪನಿಯವನು ಕುರ್ಚಿಯಿಂದ ಎದ್ದು ಬಂದ. ಒಳ್ಳೆಯ ಮನುಷ್ಯ, ಮಾತು ಮೆತ್ತಗೆ. ಚೀಲದ ಮುಂದೆ ನಿಂತು, 'ಪರಖಿ ಲಗಾವೋ ಭಾಯಿ, ಅಂದರ್ ಕಾ ಮಾಲ್ ದಿಖಾವೋ' ಅಂದ. ಒಳಗಿನ ಮಾಲು ತೋರಿಸು ಅನ್ನುವುದು ಅವನ ಕೆಲಸ, ಅವನದೇನು ತಪ್ಪು? ಮಿಲಿಂದ ನನ್ನ ಮುಖ ನೋಡಿದ. ಬಂಡೆಪ್ಪನ ಕಡೆ ನೋಡಲಿಲ್ಲ. ಆಮೇಲೆ ಚುಚ್ಚಿಬಿಟ್ಟ. ಗೋಣಿಯ ನಾರು ಚರ್ ಅಂದಿತು.

ಕಾಳು ಉರುಳಿ ಬಂತು. ಆ ವರ್ಷ ಬೀದರ ಜಿಲ್ಲೆಯಲ್ಲಿ ಅಂಥ ಕಾಳು ಇನ್ನೆಲ್ಲಾದರೂ ಇತ್ತೋ ಇಲ್ಲವೋ. ಕರ್ರಗೆ, ಒಣಗಿ, ಅಂಗೈ ಮೇಲೆ ನಿಲ್ಲದೆ ಓಡಾಡುವಂಥದ್ದು. ಕಂಪನಿಯವನು ಒಂದು ಕಾಳು ಹಲ್ಲಿಗಿಟ್ಟು ಟಕ್ಕನೆ ಕಡಿದು ತಲೆದೂಗಿದ. ಮಿಲಿಂದನ ಮುಖ ಅರಳಿತು. ಎಷ್ಟು ವಾರಗಳ ಮೇಲೆ ಹಾಗೆ ಅರಳಿದ್ದನ್ನು ನೋಡಿದೆನೋ. 'ಕಾಕಾ, ಭಾರಿ ಮಾಲ್ ತಂದೀದಿ' ಅಂದ.

ಬಂಡೆಪ್ಪ ಬಗ್ಗಿ, ಪರಖಿ ಹೋದ ತೂತನ್ನು ಉಗುರಿನಿಂದ ಕೆರೆದು ನಾರು ಕೂಡಿಸಿ ಮುಚ್ಚುತ್ತಿದ್ದ. ಮುಚ್ಚಿ ಮುಗಿಸಿ ನಿಂತು ಹೇಳಿದ, 'ದರ ಹೇಳ್ರಿ.'

ಚೇಷ್ಟೆ ಮಾಡುತ್ತಾನೆ ಅಂದುಕೊಂಡೆವು. 'ಕಾಕಾ?' ಅಂದ ಮಿಲಿಂದ.

'ಪರಖಿ ಹಾಕೀರಿ. ಇನ್ನ ಇದು ಬೋಣಿ ಅಲ್ಲ, ಮಾಲ್ ಆಯ್ತು. ಮಾಲಿಗಿ ದರ ಇರ್ತದಲ್ಲರಿ. ಹೇಳ್ರಿ.'

ನಮ್ಮ ಕಡೆ ಎಲ್ಲರ ಮಾತಿಗೂ 'ರಿ' ಇರುತ್ತದೆ. ಕಂಡಕ್ಟರಿಗೂ ರಿ, ಡಾಕ್ಟರಿಗೂ ರಿ, ಜಗಳ ಮಾಡುವವರಿಗೂ ರಿ. ಮಿಲ್ಯಾನಿಗೆ ಮಾತ್ರ ಬಂಡೆಪ್ಪನ ಬಾಯಲ್ಲಿ ಅದು ಇರಲಿಲ್ಲ. ಮಿಲಿಂದ ಅಂಗೈಯ ಕಾಳನ್ನು ಚೀಲಕ್ಕೆ ಹಾಕಲೂ ಆಗದೆ, ಕೆಳಗೆ ಬಿಡಲೂ ಆಗದೆ ನಿಂತ. ಕಂಪನಿಯವನಿಗೆ ಇದೇನೂ ತಿಳಿಯಲಿಲ್ಲ, ಅವನು ಫೋನಿನಲ್ಲಿ ಮಾತಾಡುತ್ತಿದ್ದ. ಕೊನೆಗೆ ಮಿಲಿಂದ ಆ ದಿನದ ಗಂಜಿನ ದರಕ್ಕಿಂತ ಮೇಲೆಯೇ ಒಂದು ದರ ಹೇಳಿದ. ಬಂಡೆಪ್ಪ ಕಾಟಾಕ್ಕೆ ಹಾಕಿಸಿದ, ಹಣ ಎಣಿಸಿ ತಗೊಂಡ. ಕವಿತಾಳ ತಟ್ಟೆಯ ಕಡೆ ಕೈ ಮುಗಿದು, ಒದ್ದೆ ಕಂಬಳಿ ಹೆಗಲಿಗೆ ಹಾಕಿಕೊಂಡು ಟೆಂಪೋ ಹತ್ತಿದ. ಸಕ್ಕರೆ ಆ ಹವೆಗೆ ತಟ್ಟೆಯಲ್ಲೇ ನೀರಾಯಿತು.

ಆರ್ಡರು ನಮಗೇ ಆಯಿತು. ಆ ಚೀಲದ ಮಾಲು ನೋಡಿಯೇ ಆಯಿತು. ಎಲ್ಲವೂ ಹೀಗೇ ಇರಬೇಕು ಅಂತ ಹೇಳಿ ಹೋದರು. ಮಿಲಿಂದ ಚಿಂತಾಕಿಗೆ ಖಾಲಿ ಚೀಲ ಕಳಿಸಿದ. ಚೀಲಗಳು ಮಡಚಿದ ಹಾಗೇ ತಿರುಗಿ ಬಂದವು. ಬಂಡೆಪ್ಪ ಊರಲ್ಲಿ ಒಂದು ಮಾತೂ ಆಡಿರಲಿಲ್ಲ, ಟೆಂಪೋದವನು ಆಡಿದ್ದ. ಬಂಡೆಪ್ಪನ ಬೋಣಿಗೇ ಚುಚ್ಚಿದವನು ನಮ್ಮ ಚೀಲಕ್ಕೆ ಏನು ಮಾಡಿಯಾನು ಅಂತ ಜನ ಅಂದುಕೊಂಡರು. ಮಳೆ ಸ್ವಲ್ಪ ಬಿಡುವು ಕೊಟ್ಟು ಕಲ್ಲುಹೊಲದ ಉದ್ದು ಕೈಗೆ ಬಂದಾಗ ದೊಡ್ಡ ಮಿಲ್ಲಿನ ಕಾರುಗಳು ಓಣಿಯೊಳಗೆ ಬಂದವು. ಯಾರು ಹೆಚ್ಚು ಕೂಗಿದರೋ ಅವರಿಗೆ ಮಾಲು ಹೋಯಿತು. ಮಿಲ್ಯಾನ್ನ ಒಂದು ಮಾತು ಕೇಳುತ್ತೇವೆ ಅನ್ನುವ ಫೋನು ಬರಲಿಲ್ಲ. ಮಿಲಿಂದ ಊಟ ಮಾಡುವಾಗಲೂ ಫೋನು ಎಡಗೈಯಲ್ಲಿ ಹಿಡಿದಿರುತ್ತಿದ್ದ. ಹಾಗಂತ ಚಿಂತಾಕಿಗೆ ತಾನಾಗಿ ಹೋಗಲೂ ಇಲ್ಲ. ಯಾವ ಮುಖ ತಗೊಂಡು ಹೋಗಲಿ ಅಪ್ಪಾ, ಅನ್ನುತ್ತಿದ್ದ.

ಉಳಿದದ್ದು ಬರ್ಮಾ ದೇಶದ ಉದ್ದು. ಅದು ಹಡಗಿನಲ್ಲಿ ಚೆನ್ನೈಗೆ ಬಂದು ಅಲ್ಲಿಂದ ಲಾರಿಯಲ್ಲಿ ಬರುತ್ತದಂತೆ. ಮಿಲಿಂದ ಕೈಯಲ್ಲಿದ್ದದ್ದೆಲ್ಲ ಮುಂಗಡ ಕಟ್ಟಿದ. ದಿನಾ ಇವನು ಫೋನು ಮಾಡುವುದು, ಅವರು ಹಡಗು ಬಂದಿಲ್ಲ ಅನ್ನುವುದು. ನಾನು ಸಮುದ್ರ ಕಂಡವನಲ್ಲ. ಹಡಗು ಯಾಕೆ ಬರುವುದಿಲ್ಲ, ಅದಕ್ಕೇನು ಹಳ್ಳ ಅಡ್ಡ ಬಂದಿದೆಯೇ ಅಂತ ಕೇಳಿದರೆ ಮಗ ಸಿಡುಕುತ್ತಿದ್ದ. ಹಡಗು ಬಂದಾಗ ದಸರೆ ಮುಗಿದಿತ್ತು, ಆರ್ಡರು ಉದಗೀರಿಗೆ ಹೋಗಿತ್ತು. ಕಂಪನಿಯವರು ಬೈಯಲಿಲ್ಲ, ಜಗಳ ತೆಗೆಯಲಿಲ್ಲ. ಫೋನಿನಲ್ಲಿ ಎರಡು ಸಾಲು ಬರೆದು ಕಳಿಸಿದರು, ಕೆಳಗೆ ಧನ್ಯವಾದ ಅಂತ ಇತ್ತು. ನನಗೆ ಸಿಟ್ಟು ಬಂದು ಏನೇನೋ ಅಂದೆ. ಮಿಲಿಂದ, 'ಅವರಿಗಿ ಯಾಕ ಬೈತಿ ಅಪ್ಪಾ. ನಾ ಮಾಡಿದ್ದೇ ಅವರೂ ಮಾಡ್ಯಾರ' ಅಂದ.

ಮಿಲ್ಲು ನಿಂತಿತು. ಕಾಳು ಆರಿಸುವ ಹೆಣ್ಣುಮಕ್ಕಳನ್ನು ಮನೆಗೆ ಕಳಿಸಿದೆವು. ಅವರು ಹೋಗುವಾಗ ಯಾವಾಗ ಬರಬೇಕು ಅಂತ ಕೇಳಲಿಲ್ಲ, ಅದೇ ಹೆಚ್ಚು ನೋಯಿಸಿತು. ಮಷಿನ್ ಸದ್ದಿಲ್ಲದ ಶೆಡ್ಡಿನಲ್ಲಿ ಪಾರಿವಾಳಗಳು ಬಂದು ಕೂತವು. ಬರ್ಮಾ ಉದ್ದನ್ನು ನಷ್ಟಕ್ಕೆ ಮಾರಿದ್ದಾಯಿತು. ಆಮೇಲೆ ಹೊಳಪು ಕೊಡುವ ಮಷಿನ್ನೂ ಮಾರಿದ್ದಾಯಿತು. ಅದನ್ನು ಲಾರಿಗೆ ಏರಿಸಲು ಗಂಜಿನಿಂದ ನನ್ನ ಗೆಳೆಯರೇ ಬಂದರು. ಯಾರೂ ಚೇಷ್ಟೆ ಮಾತು ಆಡಲಿಲ್ಲ. ನಾನೂ ಹೋಗಿ ಒಂದು ಬದಿಗೆ ಹೆಗಲು ಕೊಟ್ಟೆ. ಮಿಲಿಂದ ಗೋಡೆ ಕಡೆ ಮುಖ ಮಾಡಿ ನಿಂತಿದ್ದ.

ಲಾರಿ ಇನ್ನೂ ರಸ್ತೆ ಹತ್ತಿರಲಿಲ್ಲ, ಒಳಗೆ ಕವಿತಾಳಿಗೆ ನೋವು ಸುರುವಾಯಿತು.

ಆಸ್ಪತ್ರೆಯಲ್ಲಿ ಸಂಜೆಯೊಳಗೆ ಹೆಣ್ಣು ಮಗು. ನರ್ಸು ಬಟ್ಟೆಯಲ್ಲಿ ಸುತ್ತಿ ತಂದು ನನ್ನ ಕೈಗೇ ಕೊಟ್ಟಳು. ಏನು ಹೇಳಲಿ, ಈ ಕೈಗಳಿಗೆ ಹಿಡಿಯಲು ಬರುತ್ತದೆಯೋ ಇಲ್ಲವೋ ಅಂತ ಬೆಂಚಿನ ಮೇಲೆ ಕೂತೇ ಹಿಡಿದುಕೊಂಡೆ. ಕೂಸು ಕಣ್ಣು ಮುಚ್ಚಿಕೊಂಡೇ ಹಣೆ ಗಂಟು ಹಾಕಿ ನನ್ನನ್ನು ಬೈಯುವ ಹಾಗಿತ್ತು. ನನಗೆ ಮಿಲ್ಲು ಮರೆತುಹೋಯಿತು, ಮಷಿನ್ ಮರೆತುಹೋಯಿತು. ಆಸ್ಪತ್ರೆಯ ಹೊರಗೆ ಪೇಡೆ ತಗೊಂಡು ಆಟೋದವರಿಗೆ, ಔಷಧ ಅಂಗಡಿಯವರಿಗೆ, ಯಾರೋ ಕಾಲು ಮುರಿದುಕೊಂಡು ಮಲಗಿದ್ದವರಿಗೂ ತಿನ್ನಿಸಿದೆ. ಮಿಲಿಂದ ಕೂಸನ್ನು ಎದೆಗೆ ಹಿಡಿದುಕೊಂಡು, 'ಎಂಥಾ ದಿನಕ್ಕ ಬಂದಿ ನೀನು' ಅಂದ. ನಾನು ಅವನಿಗೆ ಬೈದೆ. ದಿನಕ್ಕೇನಾಗಿದೆ? ಬುದ್ಧನಿಗೆ ಪಾಯಸ ಕೊಟ್ಟವಳ ಹೆಸರಿಟ್ಟೆವು, ಸುಜಾತಾ.

ಪೇಡೆ ತಗೊಂಡು ಚಿಂತಾಕಿಗೆ ಹೊರಟೆ. ಸಂತೋಷ ಹಂಚದೆ ಇರಲಾಗಲಿಲ್ಲ. ಬಸ್ಸು ಹತ್ತುವಾಗ ಮಿಲಿಂದ ಬಂದು, 'ಕಾಕಾಗ ಒಂದು ಮಾತು ಕೇಳಿ ನೋಡು. ಬರೂ ಹಂಗಾಮಿಗರೆ ಬೋಣಿ ತರ್ತಾನೇನು ಅಂತ. ಚಿಂತಾಕಿ ಬರಲಿಲ್ಲ ಅಂದ್ರ ನಾ ಇನ್ನ ಮಿಲ್ ತೆರೆದು ಉಪಯೋಗ ಇಲ್ಲ' ಅಂದ.

ಬಿಸಿಲು ಬಿದ್ದಿತ್ತು. ಬಂಡೆಪ್ಪ ಹೊಲಕ್ಕೆ ಹೋಗಿದ್ದ, ಅವನ ಹೆಂಡತಿ ಗಂಗಮ್ಮ ಕುರಿ ದೊಡ್ಡಿಯ ಮುಂದೆ ಕಸ ಹೊಡೆಯುತ್ತಿದ್ದಳು. ಪ್ರತಿ ಸಲ ಆ ಮನೆಗೆ ಹೋದರೆ ಮರಿಗಳು ಕಾಲಿಗೆ ಸಿಕ್ಕುತ್ತಿದ್ದವು. ಈ ಸಲ ಒಂದೂ ಇಲ್ಲ. 'ಮರಿಗಳೆಲ್ಲ ಎಲ್ಲಿ ಗಂಗಮ್ಮಾ, ಮೇಯಲಿಕ್ಕ ಹೋಗ್ಯಾವೇನು?' ಅಂದೆ.

ಅವಳು ಕಸಬರಿಗೆ ನಿಲ್ಲಿಸಲಿಲ್ಲ. 'ಎಲ್ಲಿ ಮೇಯತಾವಣ್ಣಾ. ಮಳ್ಯಾಗ ಸತ್ತು ಹೋದವು.'

ಊರಿಗೆಲ್ಲ ಮಳೆ ಬಂದರೂ ಅವರ ದೊಡ್ಡಿಗೆ ಗಟ್ಟಿ ತಗಡು ಇತ್ತು, ನನಗೆ ಗೊತ್ತು. ದೊಡ್ಡಿ ಸೋರಿತೇ ಅಂತ ಕೇಳಿದೆ.

'ದೊಡ್ಡಿ ಯಾಕ ಸೋರ್ತದ. ಕುರಿ ಹೊರಗ ಹಾಕಿದ್ವಿ. ತಗಡಿನ ಕೆಳಗ ಉದ್ದಿನ ಕಾಯಿ ಹರವಿ ಬೆಂಕಿ ಕಾಸಿದ್ವಿ, ಒಣಗಬೇಕಲ್ಲ. ಮರಿ ಹೊರಗ ನಡುಗಿ ನಡುಗಿ ಹ್ವಾದವು.' ಕಸವನ್ನು ಒಂದು ಕಡೆ ಕೂಡಿಸುತ್ತಾ ಅಂದಳು, 'ಬ್ಯಾಡ ಅಂದೆ ನಾ. ಮಿಲ್ಯಾಗ ಬೋಣಿ ಕೊಡತೇನಿ ಅಂದೀನಿ ಅಂದ್ರು ಇವರು.'

ಪೇಡೆಯ ಪೊಟ್ಟಣ ಹಿಡಿದುಕೊಂಡು ದೊಡ್ಡಿಯ ಕಟ್ಟೆಯ ಮೇಲೆ ಕೂತೆ. ಒಳಗೆ ನೆಲದ ಮೇಲೆ ಬೆಂಕಿ ಕಾಸಿದ ಕರಿ ಗುರುತುಗಳು ಇನ್ನೂ ಇದ್ದವು. ಬಂಡೆಪ್ಪ ಬಂದ. ಸುದ್ದಿ ಕೇಳಿ ಅವನಿಗೆ ನಿಜಕ್ಕೂ ಸಂತೋಷವಾಯಿತು, ಅದು ಮುಖದ ಮೇಲೆ ಕಾಣುತ್ತಿತ್ತು. ಪೇಡೆ ಕಣ್ಣಿಗೊತ್ತಿಕೊಂಡು ತಿಂದ. 'ಹೆಣ್ಣ ಕೂಸು, ಭಾಳ ಛಲೋ ಆಯ್ತು ಮಾಣಿಕಾ. ನೀ ಇನ್ನ ಮುದುಕ ಆದಿ ನೋಡು.' ನನಗೆ ಹಳೆಯ ಹಾಗೇ ನೀನು ಅನ್ನುತ್ತಾನೆ. ಕೇಳಿಬಿಡಲೇ ಅಂತ ಒಂದು ಗಳಿಗೆ ಆಸೆಯಾಯಿತು. ಅಷ್ಟರಲ್ಲಿ ಅವನೇ ಕೇಳಿದ, 'ಸಾವಕಾರ್ರು ಆರಾಮ ಅದಾರೇನು?'

'ಯಾವ ಸಾವಕಾರೋ? ಅವ ಮಿಲ್ಯಾ ಬಂಡೆಪ್ಪಾ. ಕಂಪನಿಯವ ನಿಂತಿದ್ದ, ಕೈ ತಪ್ಪಿತು.'

'ಮಿಲ್ಯಾ ನನ್ನ ಚೀಲಕ್ಕ ಚುಚ್ಚಂಗಿಲ್ಲ ಮಾಣಿಕಾ' ಅಂದ. ಸಿಟ್ಟಿನಿಂದ ಅಂದದ್ದಲ್ಲ; ಮಳೆ ನಿಂತಿತು ಅನ್ನುವ ಹಾಗೆ ಅಂದ. 'ಚುಚ್ಚಿದವರು ಸಾವಕಾರ್ರು.'

ನಾನು ಬೋಣಿಯ ಮಾತು ತೆಗೆಯಲಿಲ್ಲ. ಮನೆಗೆ ಬಂದು ಮಿಲಿಂದನಿಗೆ ಮರಿಗಳ ಸಂಗತಿ ಹೇಳಿದೆ. ಅವನು ಎದ್ದು ಹೋಗಿ ಖಾಲಿ ಶೆಡ್ಡಿನಲ್ಲಿ ಕೂತ. ಕವಿತಾ ಊಟಕ್ಕೆ ಕರೆದಳು, ಬರಲಿಲ್ಲ. ಕೂಸನ್ನು ತಗೊಂಡು ಹೋಗಿ ಅವನ ತೊಡೆಯ ಮೇಲೆ ಹಾಕಿ ಬಂದೆ. ಅದು ಅತ್ತಿತು, ಅವನೂ ಅತ್ತ.

ಆ ಬೇಸಿಗೆಯೆಲ್ಲ ಮಿಲಿಂದ ಬಾಡಿಗೆಗೆ ಒಂದು ಹಳೆಯ ಮಷಿನ್ ತಂದು, ಬೇರೆಯವರ ಕಾಳು ಕೂಲಿಗೆ ಒಡೆದುಕೊಟ್ಟು ದಿನ ತಳ್ಳಿದ. ಮುಂದಿನ ಮಳೆಗಾಲ ಒಳ್ಳೆಯದಾಯಿತು. ಉದ್ದು ಕೀಳುವ ಹೊತ್ತಿಗೆ ಅದೇ ಟೆಂಪೋದವನ ಕೈಯಲ್ಲಿ ಚಿಂತಾಕಿಗೆ ಹೇಳಿ ಕಳಿಸಿದ. ಯಾರೂ ಬರುವುದಿಲ್ಲ ಅಂದುಕೊಂಡಿದ್ದೆವು. ಬಂಡೆಪ್ಪ ಬಂದ. ನಮ್ಮ ಕಾಟಾ ಸರಿ ಇದೆ, ದರದಲ್ಲಿ ಮೋಸವಿಲ್ಲ, ಅದು ಅವನಿಗೆ ಗೊತ್ತು. ಒಂದು ಚೀಲವಲ್ಲ, ಟೆಂಪೋ ತುಂಬ ತಂದಿದ್ದ.

ಮಿಲಿಂದ ಮೇಣದ ಬತ್ತಿ ಹಚ್ಚಿದ. ಮೊದಲ ಚೀಲ ಇಳಿಸಿದಾಗ ಎರಡೂ ಕೈ ಅದರ ಮೇಲಿಟ್ಟು, 'ಕಾಕಾ, ಇದು ಬೋಣಿ. ಇದಕ್ಕ ನಾ ಪರಖಿ ಹಾಕಂಗಿಲ್ಲ' ಅಂದ. ಪರಖಿಯನ್ನು ಅವನು ಬೆಳಿಗ್ಗೆಯೇ ಎಣ್ಣೆ ಡಬ್ಬದ ಹಿಂದೆ ಇಟ್ಟಿದ್ದ.

ಬಂಡೆಪ್ಪ ಶೆಡ್ಡಿನಲ್ಲಿ ಅತ್ತ ಇತ್ತ ನೋಡಿದ. ನಡೆದು ಹೋಗಿ ಡಬ್ಬದ ಹಿಂದಿನಿಂದ ಪರಖಿ ತೆಗೆದುಕೊಂಡು ಬಂದ. ಮಿಲಿಂದನ ಕೈ ಮೆಲ್ಲಗೆ ಸರಿಸಿ, ತನ್ನ ಚೀಲಕ್ಕೆ ತಾನೇ ಹಿಡಿಯ ತನಕ ಚುಚ್ಚಿದ. ಉರುಳಿ ಬಂದ ಕಾಳನ್ನು ಮಿಲಿಂದನ ಅಂಗೈಗೆ ಸುರಿದ.

'ನೋಡಕೋರಿ. ಆಮ್ಯಾಲ ತಕರಾರ ಬ್ಯಾಡ.'

ಆಮೇಲೆ ಪ್ರತಿ ಚೀಲಕ್ಕೂ ಚುಚ್ಚಿ ತೋರಿಸಿದ. ತೂಕವಾಯಿತು, ಹಣ ಎಣಿಸಿದ್ದಾಯಿತು. 'ನಡೀತದ್ರಿ' ಅಂದು ಬಾಗಿಲ ಕಡೆ ನಡೆದ. ಮಿಲ್ಲು ಉಳಿಯಿತು ಅಂತ ನನಗೆ ಗೊತ್ತಾಯಿತು. ಮಿಲಿಂದ ಕಾಟಾದ ಹತ್ತಿರ ನಿಂತೇ ಇದ್ದ.

ಬಾಗಿಲಲ್ಲಿ ಸುಜಾತಾ ಇದ್ದಳು. ಆಗ ತಾನೇ ಅಂಬೆಗಾಲಿಡುವುದು ಕಲಿತು, ಎಲ್ಲಿ ಬಿಟ್ಟರೂ ಕಾಳಿನ ರಾಶಿಗೆ ಹೋಗಿ ಕೂರುತ್ತಿದ್ದಳು. ಕೆಳಗೆ ಚೆಲ್ಲಿದ ಉದ್ದನ್ನು ಮುಷ್ಟಿ ತುಂಬಿಕೊಂಡು ಬಾಯಿಗೆ ಹಾಕಿಕೊಂಡಿದ್ದಳು. ಬಂಡೆಪ್ಪ ಅವಳ ಮುಂದೆ ಕುಕ್ಕರಗಾಲಲ್ಲಿ ಕೂತು, ಬೆರಳು ಹಾಕಿ ಕಾಳು ಒಂದೊಂದೇ ಹೊರಗೆ ತೆಗೆದು, ಧೋತರದ ಚುಂಗಿನಿಂದ ಬಾಯಿ ಒರೆಸಿದ.

'ಏ, ಇದು ತಿನ್ನಬಾರದು. ಹೊಟ್ಟಿ ನೋಯ್ತದ ನಿನಗ.'

ನಿನಗ ಅನ್ನುವ ಮಾತು ಕೇಳಿ ಮಿಲಿಂದ ತಟ್ಟನೆ ತಿರುಗಿದ. ಬಂಡೆಪ್ಪ ಆಗಲೇ ಎದ್ದು ರುಮಾಲು ಸರಿಮಾಡಿಕೊಳ್ಳುತ್ತಾ ಟೆಂಪೋ ಹತ್ತುತ್ತಿದ್ದ.